ಶಾಫ್ಟ್ ಬೈಕಿನ ಹಿಂದಿನ ಚಕ್ರದ ಗರಗರ: ಬೈಸಿಕೊಳ್ಳೋದು ಶಾಫ್ಟು, ತಪ್ಪು ಬೇರೆಯವರದ್ದು

ಚಿಕ್ಕಬಳ್ಳಾಪುರದ ಕಡೆ ಓಡಿಸೋ ಬೈಕಿಗೆ ಶಾಫ್ಟ್ ಡ್ರೈವ್‌ಗಿಂತ (ಚೈನಿನ ಬದಲು ತಿರುಗೋ ದಂಡದಿಂದ ಹಿಂದಿನ ಚಕ್ರ ಓಡಿಸೋ ವ್ಯವಸ್ಥೆ) ಒಳ್ಳೆಯದು ಇಲ್ಲ. ಕಲ್ಲು ಕ್ರಷರ್ ಪುಡಿ, ಕೆಮ್ಮಣ್ಣು, ಬೇಸಿಗೆಯ ಒಣಗಾಳಿ, ಈ ಮೂರೂ ಸೇರಿದರೆ ಚೈನು ಬೇಗ ಸವೆಯುತ್ತೆ. ಶಾಫ್ಟಿಗೆ ಆ ಗೋಜಿಲ್ಲ. ಲೂಬ್ ಡಬ್ಬಿ, ಬ್ರಷ್ಷು, ರಿಮ್ಮಿನ ಮೇಲೆ ಹಾರಿದ ಕಪ್ಪು ಜಿಡ್ಡು ಯಾವುದೂ ಬೇಡ. ವಾರಕ್ಕೊಮ್ಮೆ ಸೆಂಟರ್ ಸ್ಟ್ಯಾಂಡ್ ಹಾಕಿ, ಫೈನಲ್ ಡ್ರೈವ್ (ಶಾಫ್ಟಿನ ತಿರುಗಾಟವನ್ನ ಚಕ್ರಕ್ಕೆ ದಾಟಿಸೋ ಹಿಂದಿನ ಗೇರ್ ಪೆಟ್ಟಿಗೆ) ಸೀಲಿನ ಸುತ್ತ ಬೆರಳಾಡಿಸಿ ಎಣ್ಣೆ ಪಸೆ ಇದೆಯಾ ನೋಡಿ, ಚಕ್ರವನ್ನ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ ಕಿವಿಗೊಟ್ಟರೆ ಮುಗೀತು.

ಆದರೆ ಆ ಚಕ್ರ ಒಂದು ಸಲ ಗರಗರ ಅನ್ನೋಕೆ ಶುರುಮಾಡಿತೋ, ಇಷ್ಟು ಸುಖ ಕೊಟ್ಟ ಶಾಫ್ಟೇ ತಲೆನೋವು. ಸರ್ವಿಸ್ ಸೆಂಟರಿನ ಮೊದಲ ಮಾತು "ಫೈನಲ್ ಡ್ರೈವ್ ಅಸೆಂಬ್ಲಿ ಹೋಗಿದೆ ಸರ್" ಅಂತ. ಚಕ್ರ ಬಿಚ್ಚಿ ನೋಡದೆ ಕೊಟ್ಟ ಎಸ್ಟಿಮೇಟಿನಲ್ಲಿ ಒಂದು ಹೊಸ ಸ್ಕೂಟರ್ ಬರುತ್ತೆ. ಇದಕ್ಕೆ ನನಗೆ ಬಹಳ ಕೋಪ ಇದೆ. ಮಾಮೂಲಿ ಚೈನ್ ಬೈಕಿನಲ್ಲಿ ಇದೇ ಸದ್ದು ಬಂದರೆ ಯಾವ ಮೆಕ್ಯಾನಿಕ್ಕೂ ಮೊದಲು ಬ್ರೇಕು, ಬೇರಿಂಗು ನೋಡ್ತಾನೆ. ಶಾಫ್ಟ್ ಅಂದ ತಕ್ಷಣ ಆ ಬುದ್ಧಿ ಯಾಕೆ ಮರೆಯಬೇಕು?

ಸದ್ದು ಎಲ್ಲಿಂದ ಅಂತ ಹುಡುಕೋಕೆ ಮೊದಲು ಬೇಕಾಗಿರೋದು ಒಂದು ಸೀಮೆಸುಣ್ಣ. ಟೈರಿನ ಮೇಲೆ ಗುರುತು ಹಾಕಿ, ನ್ಯೂಟ್ರಲ್‌ನಲ್ಲಿ ಚಕ್ರವನ್ನ ಸರಿಯಾಗಿ ಒಂದು ಸುತ್ತು ತಿರುಗಿಸಿ. ಒಂದು ಸುತ್ತಿಗೆ ಒಂದೇ ಸಲ, ಅದೇ ಜಾಗದಲ್ಲಿ ಸದ್ದು ಬಂದರೆ ಅದು ಚಕ್ರದ ಜೊತೆ ತಿರುಗೋ ವಸ್ತು: ಡೊಂಕಾದ ಡಿಸ್ಕ್, ಎಬಿಎಸ್ ರಿಂಗು, ಟೈರಿಗೆ ಚುಚ್ಚಿಕೊಂಡ ಕಲ್ಲು, ಅಥವಾ ಕ್ರೌನ್ ವೀಲಿನ (ಫೈನಲ್ ಡ್ರೈವ್ ಒಳಗೆ ಚಕ್ರದ ಜೊತೆ ತಿರುಗೋ ದೊಡ್ಡ ಗೇರು) ಒಂದು ಹಲ್ಲು. ಸುತ್ತಿಗೆ ಮೂರು ಸಲದ ಹತ್ತಿರ ಬಂದರೆ ಪಿನಿಯನ್ (ಶಾಫ್ಟಿನ ತುದಿಯ ಚಿಕ್ಕ ಗೇರು) ಕಡೆ ಅನುಮಾನ, ಯಾಕಂದರೆ ಸಾಮಾನ್ಯವಾಗಿ ಚಕ್ರ ಒಂದು ಸುತ್ತು ಬರೋಷ್ಟರಲ್ಲಿ ಶಾಫ್ಟ್ ಸುಮಾರು ಮೂರು ಸುತ್ತು ಬಂದಿರುತ್ತೆ. ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಬಾಗಿ ತಿರುಗೋಕೆ ಇರೋ ಕೀಲು) ಬಿಗಿಯಾಗಿದ್ದರೆ ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ಕೈಗೆ ತಡೆ ಸಿಗುತ್ತೆ. ಎಣಿಕೆಯೇ ಇಲ್ಲದೆ ಒಂದೇ ಸಮನೆ ಗರಗರ ಅಂದರೆ ಬೇರಿಂಗ್ ಅಥವಾ ಬ್ರೇಕ್ ಪ್ಯಾಡ್.

ಗೇರಿನಲ್ಲಿಟ್ಟು ಚಕ್ರವನ್ನ ಹಿಂದೆ ಮುಂದೆ ಆಡಿಸಿದಾಗ "ಟಕ್ ಟಕ್" ಅಂತ ಒಂದಿಷ್ಟು ಆಟ ಸಿಗೋದು ಸಹಜ. ಗೇರ್‌ಬಾಕ್ಸಿನ ಡಾಗ್ಸ್ (ಗೇರುಗಳನ್ನ ಕೂಡಿಸೋ ಮೊನೆಗಳು), ಸ್ಪ್ಲೈನ್ (ಒಂದರೊಳಗೊಂದು ಕೂತು ಒಟ್ಟಿಗೆ ತಿರುಗೋ ಉದ್ದ ಹಲ್ಲುಗಳು), ಗೇರ್ ಹಲ್ಲುಗಳ ಬ್ಯಾಕ್‌ಲ್ಯಾಶ್ (ನಡುವಿನ ಸಂದು) ಎಲ್ಲಾ ಸೇರಿದ ಲೆಕ್ಕ ಅದು. ಇದನ್ನ ತೋರಿಸಿ ಹೆದರಿಸಿದರೆ ನಂಬಬೇಡಿ. ನೋಡಬೇಕಾದ್ದು ಅಡ್ಡ ಆಟ. ಟೈರಿನ ಮೇಲ್ತುದಿ, ಕೆಳತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಆಮೇಲೆ ಮುಂದೆ, ಹಿಂದೆ ಹಿಡಿದು ಹಾಗೇ ಮಾಡಿ. ಎರಡರಲ್ಲೂ ಆಟ ಇದ್ದರೆ ಬೇರಿಂಗ್. ಒಂದು ಕೈಯಲ್ಲಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನ ಫ್ರೇಮಿಗೆ ಜೋಡಿಸೋ ತೋಳು) ಮುಟ್ಟಿಕೊಂಡಿರಿ. ಆಟ ಸ್ವಿಂಗ್ ಆರ್ಮ್ ಬುಡದಿಂದ ಬರ್ತಿದ್ದರೆ ಅದು ಪಿವಟ್ ಬೇರಿಂಗಿನ ಕಥೆ, ಚಕ್ರದ್ದಲ್ಲ.

ಇನ್ನು ಕ್ಯಾಲಿಪರ್, ಅಂದರೆ ಪ್ಯಾಡ್‌ಗಳಿಂದ ಡಿಸ್ಕನ್ನ ಹಿಡಿಯೋ ಬ್ರೇಕ್ ಭಾಗ. ಬಿಚ್ಚಿ ತಂತಿಯಲ್ಲಿ ನೇತುಹಾಕಿ (ಹೋಸ್ ಮೇಲೆ ಭಾರ ಬೀಳಬಾರದು, ಪೆಡಲ್ ಒತ್ತಲೇಬಾರದು) ಚಕ್ರ ಮತ್ತೆ ತಿರುಗಿಸಿ. ಸದ್ದು ನಿಂತರೆ ಪ್ಯಾಡ್ ಪಿನ್ನು, ಸ್ಲೈಡ್ ಪಿನ್ನು ಬಿಚ್ಚಿ ಕ್ರಷರ್ ಪುಡಿ ತೊಳೆದು, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಹಚ್ಚಿ. ಎಷ್ಟೋ ಬೈಕಿನ ಗರಗರ ಇಲ್ಲಿಗೇ ಮುಗಿಯುತ್ತೆ.

ಮುಗಿಯದಿದ್ದರೆ ರಸ್ತೆಗೆ. ಎನ್‌ಎಚ್ 44ರ ಸರ್ವಿಸ್ ರೋಡು ಬೆಳಗ್ಗೆ ಖಾಲಿ ಇದ್ದಾಗ 60ರಿಂದ ನ್ಯೂಟ್ರಲ್‌ಗೆ ಹಾಕಿ 20ರವರೆಗೆ ಉರುಳಲು ಬಿಡಿ. ಸದ್ದು ನಿಲ್ಲದೆ ವೇಗದ ಜೊತೆ ಇಳಿದರೆ ಅದು ಚಕ್ರ, ಬ್ರೇಕ್, ಟೈರಿನದ್ದು. ಆಕ್ಸಿಲರೇಟರ್ ಕೊಟ್ಟಾಗ ಮಾತ್ರ, ಅಥವಾ ಬಿಟ್ಟಾಗ ಮಾತ್ರ "ಗುಂಯ್" ಅಂದರೆ ಕ್ರೌನ್ ಮತ್ತು ಪಿನಿಯನ್ ಹಲ್ಲಿನ ಒಂದೊಂದು ಮುಖ ಮಾತಾಡ್ತಿದೆ. ಟಾರಿನಿಂದ ಕಾಂಕ್ರೀಟಿಗೆ ಹೋದಾಗ ದನಿ ಬದಲಾದರೆ ಟೈರು. ನಂದಿ ಬೆಟ್ಟದ ತಿರುವಿನಲ್ಲಿ ವಾಲಿಸಿದಾಗ ಸದ್ದು ಎದ್ದರೆ ಕಾರಿನ ಲೆಕ್ಕ ಹಾಕಿ ಬೇರಿಂಗ್ ಅಂತ ತೀರ್ಮಾನಿಸಬೇಡಿ. ಕಾರು ತಿರುವಿನಲ್ಲಿ ಬೇರಿಂಗನ್ನ ಅಡ್ಡಕ್ಕೆ ತಳ್ಳುತ್ತೆ. ಬೈಕು ವಾಲೋದರಿಂದ ಭಾರ ಹೆಚ್ಚುಕಮ್ಮಿ ಚಕ್ರದ ನೇರಕ್ಕೇ ಬೀಳುತ್ತೆ. ಹೈವೇಯಲ್ಲಿ ನಡು ಸವೆದು, ಅಂಚಿನ ಬ್ಲಾಕ್‌ಗಳು ಏರುತಗ್ಗಾದ ಟೈರೇ ಅಲ್ಲಿ ಮೊದಲ ಆರೋಪಿ. ಅಂಗೈಯನ್ನ ಟೈರಿನ ಮೇಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಿದರೆ ಗೊತ್ತಾಗುತ್ತೆ.

ಚಕ್ರದ ನಡುವೆ ಹಾಯೋ ಆಕ್ಸಲ್ (ಅಚ್ಚು) ಇರೋ ಶಾಫ್ಟ್ ಬೈಕುಗಳಲ್ಲಿ (ನನ್ನದು ಆ ಜಾತಿ) ಬಹಳ ಸಲ ಸಿಗೋ ಕಾರಣ ಎರಡು: ಡಿಸ್ಕ್ ಕಡೆಯ ಬೇರಿಂಗಿಗೆ ನೀರು, ಒಣಗಿದ ಸ್ಪ್ಲೈನ್. ನೀರು ನುಗ್ಗೋದು ವಾಟರ್ ಸರ್ವಿಸ್ ಗನ್ನಿನಿಂದ. ಹಬ್ಬಿಗೆ (ಚಕ್ರದ ನಡುಭಾಗ) ನೇರ ಹಿಡಿದರೆ ಸೀಲ್ ದಾಟಿ ಹೋಗುತ್ತೆ, ಗ್ರೀಸ್ ತೊಳೆದುಹೋಗಿ ಗುಂಡು ತುಕ್ಕು ಹಿಡಿಯುತ್ತೆ. ಬೇರಿಂಗ್ ನಂಬರ್ ಅದರ ಮೇಲೇ ಕೊರೆದಿರುತ್ತೆ. 6205 ಅಂದರೆ ಒಳಗೆ 25, ಹೊರಗೆ 52, ದಪ್ಪ 15 ಮಿ.ಮೀ. ಅದೇ ನಂಬರು, 2ಆರ್‌ಎಸ್ (ಎರಡೂ ಬದಿ ರಬ್ಬರ್) ಸೀಲು, ಹಳೆಯದರಲ್ಲಿ ಸಿ3 (ಒಳಗಿನ ಸಂದು ಕೊಂಚ ಜಾಸ್ತಿ) ಅಂತಿದ್ದರೆ ಅದೂ ಸೇರಿಸಿ, ಬಿಲ್ ಕೊಡೋ ಬೇರಿಂಗ್ ಅಂಗಡಿಯಲ್ಲೇ ತಗೊಳ್ಳಿ. ನಕಲಿ ಬಹಳ. ಖರ್ಚು ಕೆಲವು ನೂರು ರೂಪಾಯಿ, ಎರಡೂ ಕಡೆ ಒಟ್ಟಿಗೆ ಬದಲಿಸಿ. ಬೇರಿಂಗನ್ನ ಒಂದು ಗಂಟೆ ಫ್ರೀಜರಿನಲ್ಲಿಟ್ಟು, ಹಬ್ಬನ್ನ ಹೀಟ್ ಗನ್ನಿನಲ್ಲಿ ಬಿಸಿ ಮಾಡಿದರೆ ಸಲೀಸಾಗಿ ಕೂರುತ್ತೆ. ಒತ್ತೋದು ಹೊರ ರೇಸಿನ (ಬೇರಿಂಗಿನ ಹೊರ ಉಂಗುರ) ಮೇಲೆ ಮಾತ್ರ. ನಡುವಿನ ಸ್ಪೇಸರ್ ಮರೆತರೆ ಆಕ್ಸಲ್ ಬಿಗಿ ಮಾಡಿದ ಕೂಡಲೇ ಹೊಸ ಬೇರಿಂಗಿನ ಒಳ ರೇಸುಗಳು ಒಂದರ ಕಡೆಗೊಂದು ನೂಕಿಕೊಂಡು ಬೇಗನೆ ಹಾಳಾಗ್ತವೆ.

ಸ್ಪ್ಲೈನ್ ಒಣಗಿದ್ದರೆ ಹಲ್ಲುಗಳ ಮಧ್ಯೆ ಕುಂಕುಮದಂಥ ಪುಡಿ ಕಾಣುತ್ತೆ. ಉಕ್ಕು ಉಕ್ಕಿಗೆ ಉಜ್ಜಿ ಬಿಟ್ಟ ತುಕ್ಕು ಅದು. ಬ್ರೇಕ್ ಕ್ಲೀನರ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ಎರಡೂ ಕಡೆ ಲೋಹ ಹೊಳೆಯೋ ತನಕ ತೊಳೆದು ಹಲ್ಲಿನ ತುದಿ ನೋಡಿ. ತುದಿ ಚಪ್ಪಟೆ ಇದ್ದರೆ ಆಯಸ್ಸಿದೆ, ಚೂಪಾಗಿದ್ದರೆ ಹಬ್ಬಿನ ಸ್ಪ್ಲೈನ್ ಬದಲಿಸಬೇಕು. ಮಾಮೂಲಿ ಗ್ರೀಸ್ ಇಲ್ಲಿ ನಿಲ್ಲಲ್ಲ, ತಿರುಗೋ ರಭಸಕ್ಕೆ ಹೊರಗೆ ಎರಚಿಹೋಗುತ್ತೆ. ಮಾಲಿಬ್ಡಿನಂ ಪ್ರಮಾಣ ಜಾಸ್ತಿ ಇರೋ ಪೇಸ್ಟನ್ನ ತೆಳ್ಳಗೆ ಹಚ್ಚಿ, ಮೆತ್ತಬೇಡಿ. ಹೆಚ್ಚಾದದ್ದು ಹೊರಗೆ ಬಂದು ಧೂಳನ್ನ ಹಿಡಿದುಕೊಳ್ಳುತ್ತೆ. ಪ್ರತಿ ಸಲ ಟೈರ್ ಬದಲಿಸುವಾಗ ಇದನ್ನ ಮಾಡಿಸಿ. ಪಂಕ್ಚರ್ ಅಂಗಡಿಯವರು ಸ್ಪ್ಲೈನ್ ಒರೆಸಿ ಒಣಗಿದ್ದಂತೆಯೇ ಹಾಕಿಬಿಡ್ತಾರೆ, ಪಕ್ಕದಲ್ಲೇ ನಿಂತಿರಿ. ಬಿಎಂಡಬ್ಲ್ಯೂ ಆರ್ 1200 ಜಿಎಸ್ ಥರ ಚಕ್ರ ನೇರ ಫೈನಲ್ ಡ್ರೈವ್‌ಗೆ 5 ಬೋಲ್ಟಿನಲ್ಲಿ ಕೂರೋ ಬೈಕಿನಲ್ಲಿ ಚಕ್ರದಲ್ಲಿ ಬೇರಿಂಗೇ ಇಲ್ಲ. ಅಲ್ಲಿ ಅಡ್ಡ ಆಟ ಸಿಕ್ಕರೆ ಅನುಮಾನ ಫೈನಲ್ ಡ್ರೈವ್ ಒಳಗಿನ ದೊಡ್ಡ ಬೇರಿಂಗ್ ಮೇಲೇ.

ಫೈನಲ್ ಡ್ರೈವ್ ಬಿಚ್ಚುವ ಮಾತು ಕೊನೆಗೆ, ಅದೂ ಡ್ರೇನ್ ಪ್ಲಗ್ ನೋಡಿದ ಮೇಲೆ. ಆಯಿಲ್ ಬಿಸಿ ಇದ್ದಾಗ ಇಳಿಸಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಕೆಸರು ಇರೋದು ಸಹಜ. ಬೆರಳಿಗೆ ಚುಚ್ಚೋ ಚೂರು, ಮಿಂಚೋ ಹೊಪ್ಪಳೆ ಸಿಕ್ಕರೆ ಬೈಕ್ ಅಲ್ಲೇ ನಿಲ್ಲಿಸಿ. ಆಗ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಪ್ರಿಲೋಡ್ (ಬೇರಿಂಗಿನ ಬಿಗಿ) ಅಳೆಯೋ ಕೆಲಸ, ಬೆಂಗಳೂರಿನ ದೊಡ್ಡ ವರ್ಕ್‌ಶಾಪೇ ಗತಿ. ಚೂರಿಲ್ಲ, ಪಸೆಯಿಲ್ಲ, ಆಟವಿಲ್ಲ ಅಂದರೆ ಹೊಸ ಆಯಿಲ್ ತುಂಬಿ ಓಡಿಸಿ. ಹಿಡಿಯೋದು ಸಾಮಾನ್ಯವಾಗಿ 150ರಿಂದ 200 ಮಿ.ಲೀ. ಮ್ಯಾನುಯಲ್‌ನಲ್ಲಿ ಹೈಪಾಯ್ಡ್ ಜಿಎಲ್-5 80ಡಬ್ಲ್ಯೂ-90 (ಗೇರ್ ಆಯಿಲ್ ದರ್ಜೆ) ಅಂತಿದ್ದರೆ ಲಾರಿ ಸ್ಪೇರ್ಸ್ ಅಂಗಡಿಯ ಒಂದು ಲೀಟರ್ ಡಬ್ಬಿ ಐದಾರು ಸಲಕ್ಕಾಗುತ್ತೆ. "ಇನ್ನೊಂದು ಚೂರು ಇರಲಿ" ಅಂತ ಜಾಸ್ತಿ ಹಾಕಬೇಡಿ. ಬಿಸಿಯಾದಾಗ ಒತ್ತಡ ಏರಿ ಸೀಲಿನಿಂದ ಹೊರಬಂದರೆ, ಆ ಎಣ್ಣೆ ಹರಿಯೋದು ರಿಮ್ಮಿಗೆ, ಅಲ್ಲಿಂದ ಟೈರಿಗೆ.