ರೀವೈರಿಂಗ್ ಮಾಡಿಸುವವರೇ, ಬಾಕಿ ಹಣ ಕೊಡುವ ಮುನ್ನ ಆರ್‌ಸಿಸಿಬಿ ಗುಂಡಿ ಒತ್ತಿ ನೋಡಿ

ಚಿಕ್ಕಮಗಳೂರಿನಲ್ಲಿ ಹಳೆಯ ಮನೆಗೆ ಹೊಸ ವೈರಿಂಗ್ ಮಾಡಿಸಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. 1,15,000 ರೂಪಾಯಿ ಕೊಟ್ಟು ನಾನು ಮಾಡಿಸಿದ ಕೆಲಸ ನನ್ನ ತಾಯಿಯ ಪ್ರಾಣ ತೆಗೆಯುವುದರಲ್ಲಿತ್ತು.

ನಮ್ಮದು ತಂದೆಯವರು 1983ರಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆ. ಗೋಡೆಯೊಳಗಿನ ಪೈಪುಗಳಲ್ಲಿ ಆ ಕಾಲದ ಅಲ್ಯೂಮಿನಿಯಂ ವೈರ್ ಇತ್ತು. ಫ್ರಿಜ್, ವಾಷಿಂಗ್ ಮಷೀನ್, ಗೀಸರ್ ಎಲ್ಲವೂ ಆಮೇಲೆ ಒಂದೊಂದಾಗಿ ಬಂದು ಅದೇ ವೈರಿನ ಮೇಲೆ ಬಿದ್ದವು. ಮಿಕ್ಸಿ ಹಾಕಿದರೆ ದೀಪ ಮಂಕಾಗುತ್ತಿತ್ತು, ಅಡುಗೆಮನೆಯ ಸ್ವಿಚ್‌ಬೋರ್ಡ್ ಕೈಗೆ ಬೆಚ್ಚಗೆ ತಾಗುತ್ತಿತ್ತು, ಸಾಕೆಟ್ಟಿನ ತೂತುಗಳ ಸುತ್ತ ಕಂದು ಬಣ್ಣ ಕಟ್ಟಿತ್ತು. ಇಷ್ಟು ಕಂಡ ಮೇಲೂ ವೈರಿಂಗ್ ಬದಲಿಸದೆ ಕೂರಬಾರದು ಎಂದು ನಿರ್ಧರಿಸಿದೆ, ಆ ನಿರ್ಧಾರ ಸರಿಯಾಗಿತ್ತು ಎಂದು ಈಗಲೂ ಹೇಳುತ್ತೇನೆ. ತಪ್ಪಿದ್ದು ಅಲ್ಲಿಂದ ಮುಂದೆ.

ಪರಿಚಯದವರೊಬ್ಬರು ಕಳುಹಿಸಿದ ಗುತ್ತಿಗೆದಾರ ಬಂದು ಮನೆ ನೋಡಿದ. ಮನೆಯೆಲ್ಲ ಹೊಸ ತಾಮ್ರದ ವೈರ್, ದೀಪಗಳಿಗೆ 1.5 ಸ್ಕ್ವೇರ್ ಎಂಎಂ, ಪವರ್ ಸಾಕೆಟ್‌ಗಳಿಗೆ 2.5, ಗೀಸರ್‌ಗೆ ಪ್ರತ್ಯೇಕವಾಗಿ 4, ಹೊಸ ಅರ್ತಿಂಗ್, ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಬಾಕ್ಸ್, ಅದರಲ್ಲಿ ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಒಂದು ಆರ್‌ಸಿಸಿಬಿ ಎಂದು ಮಾತಾಯಿತು. ಎಲ್ಲವೂ ಬಾಯಿಮಾತು. "ಬಿಲ್ ಬೇಕು ಅಂದ್ರೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ ಸಾರ್, ಸುಮ್ನೆ ಯಾಕೆ" ಎಂದ. ನಾನು ಒಪ್ಪಿಕೊಂಡೆ. ಲೈಸೆನ್ಸ್ ಇದೆಯೇ ಎಂದು ಕೇಳಲೂ ಇಲ್ಲ.

ಫೆಬ್ರವರಿಯಲ್ಲಿ ಹನ್ನೆರಡು ದಿನ ಕೆಲಸ ನಡೆಯಿತು. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವಷ್ಟರಲ್ಲಿ ಒಂದೊಂದು ಕೋಣೆಯಲ್ಲಿ ಹೊಸ ಬಿಳಿ ಸ್ವಿಚ್ಚುಗಳು ಕೂತಿರುತ್ತಿದ್ದವು. ಹಾಲಿನಲ್ಲಿ ವೈರ್ ಕಾಯಿಲ್‌ಗಳ ಡಬ್ಬಗಳನ್ನು ಜೋಡಿಸಿಟ್ಟಿದ್ದ, ಅವುಗಳ ಮೇಲೆ ಐಎಸ್ 694 (ವೈರಿನ ಭಾರತೀಯ ಮಾನಕ) ಎಂದು ಮುದ್ರಿಸಿದ್ದನ್ನು ನಾನೇ ಓದಿದ್ದೆ. ಆ ಕಾಯಿಲ್‌ಗಳು ನಮ್ಮ ಮನೆಯ ಗೋಡೆಯೊಳಗೆ ಹೋದವೇ ಎಂದು ಮಾತ್ರ ನೋಡಲಿಲ್ಲ.

ಕೊನೆಯ ದಿನ ಸಂಜೆ ಆರ್‌ಸಿಸಿಬಿ ಮೂರು ಬಾರಿ ಟ್ರಿಪ್ ಆಗಿ ಬಿತ್ತು. ಫೋನ್ ಮಾಡಿದ ಕೂಡಲೇ ಬಂದ, ಹದಿನೈದು ನಿಮಿಷ ಬಾಕ್ಸಿನಲ್ಲಿ ಏನೋ ಮಾಡಿದ, "ಒಂದು ಲೂಸ್ ಕನೆಕ್ಷನ್ ಇತ್ತು ಸಾರ್, ಇನ್ಮೇಲೆ ತೊಂದರೆ ಇಲ್ಲ" ಎಂದ. ಅಮ್ಮ ಕಾಫಿ ಮಾಡಿಕೊಟ್ಟರು. ಬಾಕಿ 35,000 ರೂಪಾಯಿಯನ್ನು ಅಲ್ಲೇ ಎಣಿಸಿ ಕೊಟ್ಟೆ. ಕೆಲಸ ಚೆನ್ನಾಗಿ ಮಾಡುತ್ತಾನೆ ಎಂದು ಇಬ್ಬರು ಸಹೋದ್ಯೋಗಿಗಳಿಗೆ ಅವನ ನಂಬರ್ ಕೂಡ ಕೊಟ್ಟೆ. ಈಗ ಅವರ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ಜುಲೈನಲ್ಲಿ ಪುನರ್ವಸು ಮಳೆ ಹಿಡಿದ ಎರಡನೆಯ ದಿನ, ಬೆಳಿಗ್ಗೆ ಗೀಸರ್ ಹಾಕಿ ಬಚ್ಚಲಿನ ನಲ್ಲಿ ತಿರುಗಿಸಿದ ಅಮ್ಮ ಚೀರಿಕೊಂಡರು. ಓಡಿಹೋಗಿ ನೋಡಿದರೆ ಬಲಗೈ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತಿದ್ದರು. ಕಾಲಿನಲ್ಲಿ ರಬ್ಬರ್ ಚಪ್ಪಲಿ ಇದ್ದದ್ದರಿಂದ ಉಳಿದರು. ಮೇನ್ ಸ್ವಿಚ್ ಆರಿಸಿ, ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿಕೊಂಡು ಬಂದೆ.

ಮಧ್ಯಾಹ್ನ ಪರ್ಮಿಟ್ ಇರುವ ಬೇರೊಬ್ಬ ಹಿರಿಯ ವೈರ್‌ಮನ್‌ ಬಂದರು. ಗೀಸರ್‌ಗೆ ಕರೆಂಟ್ ಹೋಗದಂತೆ ಮಾಡಿ ಮೇನ್ ಹಾಕಿದರು, ಆಮೇಲೆ ಆರ್‌ಸಿಸಿಬಿಯ ಮೇಲಿನ "ಟಿ" ಗುಂಡಿಯನ್ನು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಬಳಿಕ ನನ್ನ ಮುಖ ನೋಡುತ್ತಾ ಅದರ ಲಿವರನ್ನು ಕೈಯಿಂದಲೇ ಕೆಳಕ್ಕೆ ಇಳಿಸಿದರು. ಮನೆಯ ದೀಪ ಉರಿಯುತ್ತಲೇ ಇತ್ತು! ಹಾಲಿನ ಫ್ಯಾನ್ ತಿರುಗುತ್ತಲೇ ಇತ್ತು! ಬಾಕ್ಸಿನಲ್ಲಿ ಆರ್‌ಸಿಸಿಬಿ ಇದೆ, ಆದರೆ ಅದರ ಮೂಲಕ ಕರೆಂಟೇ ಹೋಗುತ್ತಿಲ್ಲ. ಮೇನ್‌ನಿಂದ ಎಂಸಿಬಿಗಳಿಗೆ ನೇರವಾಗಿ ಕೊಟ್ಟುಬಿಟ್ಟಿದ್ದಾನೆ. ಐದು ತಿಂಗಳು ದಿನವೂ ನಾನು ಅದರ ಮುಂದೆ ಓಡಾಡಿದ್ದೆ.

ಸ್ವಿಚ್‌ಬೋರ್ಡುಗಳನ್ನು ಬಿಚ್ಚಿದಾಗ ಉಳಿದದ್ದು ಹೊರಬಂತು. ಹೊಸ ಕೆಂಪು ವೈರನ್ನು ವೈರ್‌ಮನ್ ಮೆಲ್ಲಗೆ ಎಳೆದರು. ಒಂದೂವರೆ ಅಡಿ ಬಂದ ಮೇಲೆ ಕಪ್ಪು ಟೇಪ್ ಸುತ್ತಿದ ಗಂಟು ಬಂತು, ಗಂಟಿನಾಚೆ ನಮ್ಮ 1983ರ ಅಲ್ಯೂಮಿನಿಯಂ ವೈರ್, ಬೆರಳಲ್ಲಿ ಬಗ್ಗಿಸಿದರೆ ಹೊದಿಕೆ ಪುಡಿಯಾಗಿ ಉದುರುತ್ತಿತ್ತು. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ಹೀಗೆ ಬರಿದೇ ಹೆಣೆದರೆ ಆ ಜಾಯಿಂಟ್ ತೇವಕ್ಕೆ ಕಿಲುಬು ಹಿಡಿದು ಬಿಸಿಯಾಗುತ್ತದೆ, ಬೆಂಕಿ ಹುಟ್ಟುವುದೂ ಅಲ್ಲಿಂದಲೇ ಎಂದು ಅವರು ಹೇಳಿದರು. ಗೀಸರ್ ಸಾಕೆಟ್ಟಿನ ಹಸಿರು ಅರ್ತ್ ವೈರ್ ಪೈಪಿನೊಳಗೆ ಗೇಣುದ್ದ ಹೋಗಿ ಅಲ್ಲೇ ಮಡಚಿಕೊಂಡಿತ್ತು, ಯಾವುದಕ್ಕೂ ಸೇರಿರಲಿಲ್ಲ. ಫೆಬ್ರವರಿಯಲ್ಲಿ ಆರ್‌ಸಿಸಿಬಿ ಬಿದ್ದದ್ದು ಲೂಸ್ ಕನೆಕ್ಷನ್‌ನಿಂದಲ್ಲ. ಹಳೆಯ ವೈರಿನಿಂದ ಗೋಡೆಗೆ ಕರೆಂಟ್ ಸೋರುತ್ತಿತ್ತು, 30 ಮಿಲಿಆಂಪಿಯರ್ ಸೋರಿದರೆ ಬೀಳಬೇಕಾದ ಸಾಧನ ತನ್ನ ಕೆಲಸ ಮಾಡಿತ್ತು. ಸೋರಿಕೆಯನ್ನು ಸರಿಪಡಿಸುವ ಬದಲು ಅವನು ಸಾಧನವನ್ನೇ ಲೈನಿನಿಂದ ಕಳಚಿದ. ಎಂಸಿಬಿ ಇದೆಯಲ್ಲ ಎಂದು ಯಾರೂ ಸಮಾಧಾನಪಡಬೇಡಿ. ಅದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್ ಆದಾಗ ಬೀಳುತ್ತದೆಯೇ ಹೊರತು ಮನುಷ್ಯನಿಗೆ ಕರೆಂಟ್ ಹೊಡೆದಾಗ ಬೀಳುವುದಿಲ್ಲ.

ಗುತ್ತಿಗೆದಾರನಿಗೆ ಫೋನ್ ಮಾಡಿದೆ. ಮೊದಲು, "ಮಳೆಗಾಲದಲ್ಲಿ ಸ್ವಲ್ಪ ಜುಮ್ಮನ್ನೋದು ಮಾಮೂಲು ಸಾರ್" ಎಂದ. ಲಿವರ್ ಇಳಿಸಿದರೂ ದೀಪ ಉರಿದದ್ದನ್ನು ಹೇಳಿದ ಮೇಲೆ, "ಪದೇ ಪದೇ ಟ್ರಿಪ್ ಆಗ್ತಿತ್ತಲ್ಲ, ಅಮ್ಮನೋರು ಕತ್ತಲಲ್ಲಿ ಕೂರಬಾರ್ದು ಅಂತ ಡೈರೆಕ್ಟ್ ಮಾಡಿದ್ದೆ" ಎಂದ. ಅಮ್ಮನ ಹೆಸರು ಹೇಳಿಯೇ ಈ ಮಾತಾಡಿದ! ಹಳೆಯ ವೈರ್ ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, "ಪೈಪ್ ಬ್ಲಾಕ್ ಆಗಿತ್ತು, ಗೋಡೆ ಒಡೀಬೇಡಿ ಅಂತ ನೀವೇ ಹೇಳಿದ್ರಲ್ಲ" ಎಂದ. ನಾನು ಹಾಗೆ ಹೇಳಿಯೇ ಇರಲಿಲ್ಲ. ಹಣ ವಾಪಸ್ ಕೇಳಿದಾಗ ಬಂದ ಉತ್ತರ ಇನ್ನೂ ಕಿವಿಯಲ್ಲಿದೆ: "ಬಿಲ್ ಇದ್ರೆ ತಗೊಂಡ್ ಬನ್ನಿ ಸಾರ್, ನೋಡೋಣ." ಅಂದಿನಿಂದ ಫೋನ್ ಎತ್ತಿಲ್ಲ. ಮೀಟರ್‌ನಿಂದ ಈಚೆಗಿನದು ಮನೆಯವರ ಜವಾಬ್ದಾರಿ, ಆದ್ದರಿಂದ ಕರೆಂಟ್ ಕೊಡುವ ಮೆಸ್ಕಾಂಗೆ ದೂರು ಕೊಟ್ಟೂ ಪ್ರಯೋಜನವಿಲ್ಲ.

ಲೈಸೆನ್ಸ್ ತೋರಿಸದವರಿಗೆ, ಬಿಲ್ ಕೊಡದವರಿಗೆ ಕೆಲಸ ಕೊಡಬೇಡಿ. ಪೈಪಿನಿಂದ ಹಳೆಯ ವೈರ್ ಹೊರಬರುವುದನ್ನು ಕಣ್ಣಾರೆ ನೋಡಿ, ಎಳೆದ ಹಳೆಯ ವೈರನ್ನೆಲ್ಲ ಮನೆಯಲ್ಲೇ ಇಡಲು ಹೇಳಿ. ಮೆಗ್ಗರ್ ಎಂಬ ಮೀಟರ್ ಹಾಕಿ ವೈರಿನ ಹೊದಿಕೆಯನ್ನು (ಇನ್ಸುಲೇಷನ್) ಪರೀಕ್ಷಿಸಿ ರೀಡಿಂಗ್ ಬರೆದುಕೊಡಲಿ. ಗುಂಡಿ ಒತ್ತಿದಾಗ ಮನೆ ಕತ್ತಲಾಗದಿದ್ದರೆ ಒಂದು ರೂಪಾಯಿ ಬಾಕಿಯನ್ನೂ ಕೊಡಬೇಡಿ. ಈಗಾಗಲೇ ಮಾಡಿಸಿರುವವರು ಇವತ್ತೇ ಆ ಗುಂಡಿ ಒತ್ತಿ.

ನಮ್ಮಲ್ಲಿ ಈಗ ಎರಡನೆಯ ಸಲ ಕೆಲಸ ನಡೆಯುತ್ತಿದೆ. ಗೀಸರ್ ಲೈನ್ ಮತ್ತು ಅರ್ತಿಂಗ್ ಮುಗಿದಿದೆ, ನಾನು ರಜೆ ಹಾಕಿ ಪಕ್ಕದಲ್ಲೇ ನಿಂತಿದ್ದೆ. ಅಮ್ಮ ಮಾತ್ರ ಇನ್ನೂ ಗೀಸರ್ ಮುಟ್ಟುತ್ತಿಲ್ಲ, ಹಿತ್ತಲ ಹಂಡೆ ಒಲೆಗೆ ಸೌದೆ ಹಾಕಿ ನೀರು ಕಾಯಿಸಿಕೊಳ್ಳುತ್ತಿದ್ದಾರೆ.