ಉಪ್ಪು-ಖಾರಕ್ಕೆ ಬಟರ್‌ನಟ್ ಸ್ಕ್ವಾಶ್: ಇಡೀ ಕಾಯಿಯೋ, ಹೆಚ್ಚಿದ ಪೊಟ್ಟಣವೋ?

ಸಿಹಿಗುಂಬಳದ ಹತ್ತಿರದ ನೆಂಟನಾದ ಬಟರ್‌ನಟ್ ಸ್ಕ್ವಾಶ್ ನಾಲ್ಕು ರೂಪಗಳಲ್ಲಿ ಮಾರಾಟಕ್ಕೆ ಬರುತ್ತದೆ: ಇಡೀ ಕಾಯಿ, ಸಿಪ್ಪೆ ತೆಗೆದು ಹೆಚ್ಚಿ ಪೊಟ್ಟಣಕ್ಕೆ ತುಂಬಿದ ಹೋಳು, ಫ್ರೋಜನ್ ಹೋಳು ಮತ್ತು ಡಬ್ಬಿಯಲ್ಲಿ ಬರುವ ರುಬ್ಬಿದ ತಿರುಳು. ಸಿಹಿತಿಂಡಿಯ ಗೊಡವೆಗೆ ಹೋಗದೆ, ಕಳೆದ ಎರಡು ತಿಂಗಳು ಈ ನಾಲ್ಕನ್ನೂ ಉಪ್ಪು-ಖಾರದ ಅಡುಗೆಗೆ ಮಾತ್ರ ಬಳಸಿ ನೋಡಿದ್ದೇನೆ. ಈ ತರಕಾರಿಯನ್ನು ದೂರುವವರೆಲ್ಲ ಸಾಮಾನ್ಯವಾಗಿ ಅದರ ಸಿಹಿಯನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ಅಡುಗೆಯನ್ನು ಕೆಡಿಸುವುದು ಸಿಹಿಯಲ್ಲ, ನೀರು. ನೂರು ಗ್ರಾಂ ಹಸಿ ತಿರುಳಿನಲ್ಲಿ ಸುಮಾರು 86 ಗ್ರಾಂ ನೀರೇ ಇರುತ್ತದೆ. ಆ ನೀರು ಉಳಿದಷ್ಟೂ ತಿರುಳು ಪೇಲವವಾಗುತ್ತದೆ, ಮಸಾಲೆ ಹೊರಗೇ ನಿಲ್ಲುತ್ತದೆ, ಬಾಯಿಗೆ ಸಪ್ಪೆ ಸಿಹಿಯೊಂದೇ ಸಿಗುತ್ತದೆ. ಆದ್ದರಿಂದ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ: ಪಾತ್ರೆಗೆ ಎಷ್ಟು ನೀರು ತರುತ್ತದೆ, ಅದನ್ನು ಬಿಟ್ಟುಕೊಡಲು ಎಷ್ಟು ಸತಾಯಿಸುತ್ತದೆ.

ಮೊದಲು ಇಡೀ ಕಾಯಿ. ‘ವಿಂಟರ್ ಸ್ಕ್ವಾಶ್’ ಎಂಬ ಹೆಸರು ಕೇಳಿ ಇದನ್ನು ಚಳಿಗಾಲದ ಬೆಳೆ ಎಂದುಕೊಳ್ಳುವವರಿದ್ದಾರೆ. ಬೇಸಿಗೆಯಲ್ಲಿ ಬೆಳೆದು, ಪೂರ್ತಿ ಬಲಿತ ಮೇಲೆ ಕೊಯ್ಲಾಗಿ, ಗಟ್ಟಿ ಸಿಪ್ಪೆಯ ದೆಸೆಯಿಂದ ಚಳಿಗಾಲಕ್ಕೂ ಕೆಡದೆ ಉಳಿಯುವ ಕಾಯಿಗಳಿಗೆ ಆ ಹೆಸರು ಬಂದಿದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬಟರ್‌ನಟ್ ಕುಕುರ್ಬಿಟಾ ಮೊಸ್ಕಾಟಾ ಜಾತಿಯದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೂಪುಗೊಂಡು 1970ರಲ್ಲಿ ಆಲ್ ಅಮೆರಿಕ ಸೆಲೆಕ್ಷನ್ಸ್ ಪುರಸ್ಕಾರ ಪಡೆದ ವಾಲ್ತಮ್ ತಳಿಯ ಹೆಗ್ಗಳಿಕೆಯೆಲ್ಲ ಅದರ ಕತ್ತಿನಲ್ಲಿದೆ: ನೆಟ್ಟಗೆ, ದಪ್ಪಗೆ, ಒಳಗೆ ಬೀಜವಿಲ್ಲದೆ ಒಂದೇ ಸಮನೆ ಗಟ್ಟಿಯಾದ ತಿರುಳು. ಉಪ್ಪು-ಖಾರಕ್ಕೆ ಬೇಕಾದದ್ದು ಈ ಕತ್ತೇ. ಕೆಳಗಿನ ಉಬ್ಬಿದ ಭಾಗದಲ್ಲಿ ಬೀಜದ ಗೂಡಿನ ಸುತ್ತ ನಾರು ಹೆಚ್ಚು, ತೇವವೂ ಹೆಚ್ಚು. ಅದನ್ನು ನಾನು ಸಾರಿಗೋ ಸೂಪಿಗೋ ಎತ್ತಿಡುತ್ತೇನೆ.

ಕೊಳ್ಳುವಾಗ ಕತ್ತು ಉದ್ದವಾಗಿದ್ದು ಹೊಟ್ಟೆ ಚಿಕ್ಕದಾಗಿರುವ, ಗಾತ್ರಕ್ಕೆ ಮೀರಿದ ತೂಕವಿರುವ, ಉಗುರು ಒತ್ತಿದರೆ ಇಳಿಯದ, ತೊಟ್ಟು ಒಣಗಿರುವ ಕಾಯಿಯನ್ನು ಆರಿಸಿಕೊಳ್ಳಬೇಕು. ಸಿಪ್ಪೆಯ ಮೇಲೆ ಹಸಿರು ಗೆರೆ ಉಳಿದಿದ್ದರೆ ಅದು ಬಲಿಯುವ ಮೊದಲೇ ಕೊಯ್ದದ್ದೆಂದು ತಿಳಿಯಬಹುದು. ಮನೆಗೆ ತಂದ ಮೇಲೆ ಫ್ರಿಜ್ಜಿಗೆ ಹಾಕಬಾರದು. 10ರಿಂದ 13 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತವಾದ ಉಷ್ಣತೆ, ಅಂಥ ಜಾಗದಲ್ಲಿ ಎರಡು-ಮೂರು ತಿಂಗಳು ಇರುತ್ತದೆ. ಅದಕ್ಕಿಂತ ತಣ್ಣಗಿನಲ್ಲಿ ಬಹುಕಾಲ ಇಟ್ಟರೆ ತಿರುಳು ಕೊಳೆಯಲು ಹಾದಿಯಾಗುತ್ತದೆ.

ಸಿಪ್ಪೆ ತೆಗೆಯುವುದು ಶ್ರಮದ ಕೆಲಸವೆಂಬುದನ್ನು ಮುಚ್ಚಿಡಲಾಗದು. ಕತ್ತನ್ನೂ ಹೊಟ್ಟೆಯನ್ನೂ ಮೊದಲು ಬೇರ್ಪಡಿಸಿ, ಕೊಯ್ದ ಚಪ್ಪಟೆ ಮುಖವನ್ನು ಮಣೆಯ ಮೇಲೆ ಊರಿ ನಿಲ್ಲಿಸಿಕೊಂಡರೆ ಕಾಯಿ ಉರುಳುವುದಿಲ್ಲ. ಕೊಯ್ದ ಕೆಲವೇ ಕ್ಷಣಗಳಲ್ಲಿ ಸಿಪ್ಪೆಯ ಒಳಅಂಚಿನುದ್ದಕ್ಕೂ ಸಣ್ಣ ಹನಿಗಳು ಸಾಲಾಗಿ ಒಸರುತ್ತವೆ. ಆ ರಸ ಬೆರಳಿಗೆ ಹತ್ತಿ ಒಣಗಿದರೆ ಚರ್ಮ ಗೋಂದು ಬಳಿದಂತೆ ಬಿಗಿದುಕೊಂಡು, ಎರಡು ಸಲ ಸೋಪು ಹಾಕಿದರೂ ಪೂರ್ತಿ ಬಿಡುವುದಿಲ್ಲ. ಮೊದಲ ಸಲ ಇದೇನೋ ಅಲರ್ಜಿ ಎಂದು ಗಾಬರಿಯಾಗಿದ್ದೆ. ಕೈಗೆ ಮೊದಲೇ ನಾಲ್ಕು ತೊಟ್ಟು ಎಣ್ಣೆ ಸವರಿಕೊಂಡರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಇಷ್ಟು ಪಾಡು ಪಟ್ಟದ್ದಕ್ಕೆ ಪ್ರತಿಫಲ ಸಿಗುವುದು ಓವನ್ನಿನಲ್ಲಿ. ಎರಡೂವರೆ ಸೆಂಟಿಮೀಟರಿನ ಹೋಳುಗಳನ್ನು 500 ಗ್ರಾಂ ತೂಗಿ, ಒಂದು ದೊಡ್ಡ ಚಮಚ ಎಣ್ಣೆ ಮತ್ತು ಉಪ್ಪು ಸವರಿ, ಒಂದಕ್ಕೊಂದು ತಾಗದಂತೆ ಟ್ರೇಯಲ್ಲಿ ಹರಡಿ 220 ಡಿಗ್ರಿಯಲ್ಲಿಟ್ಟೆ. ಇಪ್ಪತ್ತು ನಿಮಿಷವಾದಾಗ ಹೋಳುಗಳು ಬೆಂದಿದ್ದವು, ಆದರೆ ಬಣ್ಣ ಬಂದಿರಲಿಲ್ಲ. ಆಗಲೇ ತೆಗೆದಿದ್ದರೆ ಅದು ಬರೀ ಬೇಯಿಸಿದ ಕುಂಬಳಕಾಯಿಯ ರುಚಿ. ಒಮ್ಮೆ ಮಗುಚಿ ಇನ್ನೂ ಹದಿನೈದು ನಿಮಿಷ ಬಿಟ್ಟಾಗ ಅಂಚುಗಳು ಕಂದಿ, ಮೂಲೆಗಳು ಸ್ವಲ್ಪ ಮುದುಡಿ, ತಳಕ್ಕೆ ತಾಗಿದ ಮುಖದಲ್ಲಿ ಗಾಢ ಕಂದು ಪದರ ಕೂತಿತ್ತು. ತೂಗಿದರೆ 340 ಗ್ರಾಂ, ಅಂದರೆ ಮೂರರಲ್ಲೊಂದು ಭಾಗದಷ್ಟು ನೀರು ಹೋಗಿತ್ತು. ಕಂದಿದ ಅಂಚಿನ ನಸುಗಹಿ ಸಿಹಿಗೆ ಕಡಿವಾಣ ಹಾಕುತ್ತದೆ. ಇದರ ಮೇಲೆ ಬೆಳ್ಳುಳ್ಳಿ, ಮೆಣಸಿನಪುಡಿ, ಹುರಿದ ಎಳ್ಳು ಬಿದ್ದಾಗ ಸಿಹಿ ತರಕಾರಿಯನ್ನು ತಿನ್ನುತ್ತಿದ್ದೇವೆಂದು ಅನ್ನಿಸುವುದೇ ಇಲ್ಲ. ಅಷ್ಟೇ ಹೋಳುಗಳನ್ನು ಇನ್ನೊಂದು ದಿನ ಚಿಕ್ಕ ಟ್ರೇಯಲ್ಲಿ ಒತ್ತೊತ್ತಾಗಿ ಹಾಕಿದಾಗ ಅವು ತಮ್ಮದೇ ಹಬೆಯಲ್ಲಿ ಬೆಂದು ಮೆತ್ತಗಾದವು. ಓವನ್ ಇಲ್ಲದವರು ದಪ್ಪ ತಳದ ಅಗಲವಾದ ಬಾಣಲೆಯಲ್ಲಿ, ಮುಚ್ಚಳ ಹಾಕದೆ, ಸಣ್ಣ ಹೋಳುಗಳನ್ನು ಎರಡು ಕಂತಿನಲ್ಲಿ ಹುರಿದರೂ ಇದೇ ಹದ ಬರುತ್ತದೆ. ಮುಚ್ಚಳ ಹಾಕಿದವರಿಗೆ ಪಲ್ಯದ ಬದಲು ಗೊಜ್ಜು ಸಿಕ್ಕೀತು.

ಹುಳಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಈ ಸಿಹಿಗೆ ಹುಳಿ ಬೇಕೇ ಬೇಕು, ಆದರೆ ಹುಳಿ ಬಿದ್ದ ಮೇಲೆ ತರಕಾರಿ ಬೇಯುವುದಿಲ್ಲ ಎಂಬ ಅಡುಗೆಯವರ ಮಾತು ಇಲ್ಲಿಯೂ ಸುಳ್ಳಾಗುವುದಿಲ್ಲ. ಕೋಶಗಳನ್ನು ಬೆಸೆದಿಡುವ ಪೆಕ್ಟಿನ್ ಆಮ್ಲದಲ್ಲಿ ಬೇಗ ಕರಗದು. ಟೊಮೆಟೊ ಜೊತೆ ಹಸಿ ಹೋಳುಗಳನ್ನು ಒಟ್ಟಿಗೆ ಹಾಕಿದ ದಿನ ನಲವತ್ತು ನಿಮಿಷವಾದರೂ ಅವುಗಳ ನಡು ಗಟ್ಟಿಯಾಗಿಯೇ ಇತ್ತು. ನಿಂಬೆರಸವಾಗಲಿ ಟೊಮೆಟೊ ಆಗಲಿ, ಹೋಳು ಬೆಂದ ಮೇಲೆಯೇ ಸೇರಲಿ.

ಇನ್ನು ಹೆಚ್ಚಿದ ಪೊಟ್ಟಣ. ಅವಸರದ ದಿನಕ್ಕೆ ವರವೆಂದುಕೊಂಡು ಎರಡು ಅಂಗಡಿಗಳಿಂದ ಒಟ್ಟು ನಾಲ್ಕು ಪೊಟ್ಟಣ ತಂದೆ, ನಿರಾಸೆಯಾಯಿತು. ಒಂದೇ ಪೊಟ್ಟಣದಲ್ಲಿ ದಾಳದಷ್ಟು ಚಿಕ್ಕ ಹೋಳೂ ಇತ್ತು, ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡದೂ ಇತ್ತು. ದೊಡ್ಡದು ಬೇಯುವಷ್ಟರಲ್ಲಿ ಚಿಕ್ಕದು ಕರಕಲಾಗುತ್ತದೆ. ಕತ್ತಿನ ಹೋಳಿಗಿಂತ ಹೊಟ್ಟೆಯ ಹೋಳೇ ಜಾಸ್ತಿ, ಕೆಲವಕ್ಕೆ ನಾರೂ ಅಂಟಿಕೊಂಡಿತ್ತು. ತಳದಲ್ಲಿ ನೀರು ನಿಂತಿದ್ದರಿಂದ ಕೆಳಗಿನ ಹೋಳುಗಳು ಮುಟ್ಟಿದರೆ ಜಾರುತ್ತಿದ್ದವು, ಮೇಲಿನವುಗಳ ಮುಖ ಮಾತ್ರ ಒಣಗಿ ತೊಗಲಿನಂತಾಗಿತ್ತು. ಮೂರನೆಯದರಿಂದ ಹುಳಿವಾಸನೆ ಬಂದದ್ದರಿಂದ, ಮೊಹರಿನ ಮೇಲಿನ ತಾರೀಖು ಇನ್ನೂ ಎರಡು ದಿನ ಮುಂದಿದ್ದರೂ, ಎಸೆಯಬೇಕಾಯಿತು. ಬೇರೆ ದಾರಿಯಿಲ್ಲದೆ ಕೊಂಡರೆ ಹೋಳುಗಳನ್ನು ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಿ, ದೊಡ್ಡವನ್ನು ಸೀಳಿಕೊಂಡೇ ಓವನ್ನಿಗೆ ಹಾಕಬೇಕು. ಅಷ್ಟು ಮಾಡುವವರಿಗೆ ಸಿಪ್ಪೆ ತೆಗೆಯುವುದೇನೂ ದೊಡ್ಡದಲ್ಲ.

ಫ್ರೋಜನ್ ಹೋಳಿನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಏಕೆಂದರೆ ಅದು ಏನು ಮಾಡಲಾರದು ಎಂಬುದು ಮೊದಲ ದಿನವೇ ತಿಳಿಯುತ್ತದೆ. ಹೆಪ್ಪುಗಟ್ಟುವಾಗ ಹುಟ್ಟುವ ಹರಳುಗಳು ಕೋಶದ ಗೋಡೆಗಳನ್ನು ಹರಿದಿರುತ್ತವೆ. ಕರಗಿದೊಡನೆ ನೀರು ಹೊರಬೀಳುತ್ತದೆ, ಹುರಿದರೂ ಬಣ್ಣ ಏರುವುದಿಲ್ಲ. ಆದರೆ ಬೇಳೆಯ ಜೊತೆ ಬೇಯಿಸಿ ಮಸೆಯಲು, ರುಬ್ಬಿ ಖಾರದ ಸೂಪು ಮಾಡಲು ಇದು ತಕ್ಕದ್ದು. ಕರಗಿಸದೆ ನೇರವಾಗಿ ಕುದಿಯುವ ಪಾತ್ರೆಗೆ ಹಾಕಿ, ಬೇರೆ ನೀರನ್ನು ಕಡಿಮೆ ಮಾಡಿದರೆ ಸಾಕು.

ಡಬ್ಬಿಯ ತಿರುಳಿನಲ್ಲಿ ಹೇಳುವಂಥದ್ದು ಕಡಿಮೆ. ಕುಂಬಳಕಾಯಿ ಎಂಬ ಹೆಸರಿನಲ್ಲಿ ಬರುವ ಅನೇಕ ಡಬ್ಬಿಗಳಲ್ಲಿರುವುದೂ ಬಟರ್‌ನಟ್ ಜಾತಿಯ ಕಾಯಿಯೇ. ಸಕ್ಕರೆ, ಮಸಾಲೆ ಸೇರಿಸದ ಡಬ್ಬಿಯನ್ನೇ ಆರಿಸಿ, ಬಾಣಲೆಯಲ್ಲಿ ಹತ್ತು ನಿಮಿಷ ಕೈಯಾಡಿಸಿ ನೀರು ಇಂಗಿಸಿಕೊಂಡರೆ ಗ್ರೇವಿಗೆ ಒಳ್ಳೆಯ ಮಂದ ಬರುತ್ತದೆ.

ಬಟರ್‌ನಟ್ ಬಿಟ್ಟು ಬೇರೆ ಹುಡುಕುವವರಿಗೆ ನನ್ನ ಶಿಫಾರಸು ಕಬೋಚಾ. ಅದು ಕುಕುರ್ಬಿಟಾ ಮ್ಯಾಕ್ಸಿಮಾ ಜಾತಿಯದು, ತಿರುಳು ಒಣಗಿದ್ದು ಹಿಟ್ಟುಹಿಟ್ಟಾಗಿ ಬೇಯುತ್ತದೆ, ಹಸಿರು ಸಿಪ್ಪೆಯನ್ನೂ ತಿನ್ನಬಹುದು; ನೀರಿನ ರಗಳೆ ಅರ್ಧಕ್ಕರ್ಧ ಕಡಿಮೆ. ಬೆಂದ ಮೇಲೆ ತಿರುಳು ಶಾವಿಗೆಯಂತೆ ಎಳೆಎಳೆಯಾಗಿ ಬಿಡುವ ಸ್ಪಗೆಟಿ ಸ್ಕ್ವಾಶ್ ಕೊಂಡರೆ ಅದನ್ನು ಉದ್ದಕ್ಕೆ ಸೀಳದೆ ಅಡ್ಡಕ್ಕೆ ಕೊಯ್ಯಬೇಕು, ಏಕೆಂದರೆ ಅದರ ಎಳೆಗಳು ಕಾಯಿಯ ಸುತ್ತಳತೆಗೆ ಸುತ್ತಿಕೊಂಡಿರುತ್ತವೆ. ಯಾವ ಜಾತಿಯೇ ಆಗಲಿ, ಹಸಿ ಚೂರೊಂದನ್ನು ನಾಲಗೆಗೆ ತಾಗಿಸಿದಾಗ ಕಡುಗಹಿ ಬಂದರೆ ಉಗುಳಿ ಇಡೀ ಕಾಯಿಯನ್ನು ಎಸೆದುಬಿಡಬೇಕು. ಅದು ಕುಕುರ್ಬಿಟಾಸಿನ್ ಎಂಬ ವಿಷದ ಗುರುತು, ಬೇಯಿಸಿದರೂ ಅದು ಹೋಗುವುದಿಲ್ಲ.

ಇಡೀ ಕಾಯಿ ಕೊಂಡವರಿಗೆ ಮಾತ್ರ ದಕ್ಕುವುದು ಬೀಜ. ತೊಳೆದು, ಬಟ್ಟೆಯಲ್ಲಿ ಒರೆಸಿ, ಉಪ್ಪು-ಮೆಣಸಿನಪುಡಿ ಬೆರೆಸಿ 160 ಡಿಗ್ರಿಯಲ್ಲಿ ಹದಿನೈದು-ಇಪ್ಪತ್ತು ನಿಮಿಷ ಇಟ್ಟರೆ ಸಿಡಿಯುವ ಸದ್ದು ಕೇಳತೊಡಗುತ್ತದೆ. ಆಗ ತೆಗೆದು, ಹುರಿದ ಹೋಳುಗಳ ಮೇಲೆ ಉದುರಿಸುತ್ತೇನೆ.