ಬಯಲುಗಾಳಿಗೆ ಯಾವ ಒಲೆ?

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ನಮ್ಮ ಕಲಬುರಗಿ ಸೀಮೆಯವರಿಗೆ ಬಯಲೂಟ ಹೊಸದೇನಲ್ಲ. ಆದರೆ ಅಂದು ಭಜ್ಜಿ, ಸಜ್ಜೆ ರೊಟ್ಟಿ ಎಲ್ಲವೂ ಮನೆಯಿಂದಲೇ ಬುತ್ತಿಯಾಗಿ ಬರುವುದರಿಂದ ಒಲೆಯ ಮಾತೇ ಏಳುವುದಿಲ್ಲ. ಕಾರಿನಲ್ಲಿ ಹೋಗಿ ರಾತ್ರಿ ತಂಗುವ, ಚೀಲ ಬೆನ್ನಿಗೇರಿಸಿ ನಡೆಯುವ ಹುಚ್ಚು ಹತ್ತಿದ ಮೇಲೆ ನಾನು ಒಂದೊಂದಾಗಿ ಮೂರು ಒಲೆಗಳನ್ನು ಕೊಂಡೆ: ಕಾರ್ಟ್ರಿಡ್ಜ್ ಎಂಬ ಉದ್ದನೆಯ ಗ್ಯಾಸ್ ಡಬ್ಬಿಯನ್ನು ಒಳಗಿಡುವ ಪೆಟ್ಟಿಗೆಯಾಕಾರದ ಗ್ಯಾಸ್ ಒಲೆ, ಗ್ಯಾಸ್ ಡಬ್ಬಿಯ ತಲೆಗೆ ತಿರುಗಿಸಿ ಕೂರಿಸುವ ಮುಷ್ಟಿಯಷ್ಟು ಗಾತ್ರದ ಬರ್ನರ್, ಮತ್ತು ಸ್ಪಿರಿಟ್ ಒಲೆ.

ಸ್ಪಿರಿಟ್ ಒಲೆಯ ಕಥೆ ಬೇಗ ಮುಗಿಯುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಅದರ ಇಂಧನದ ಶಾಖ ಗ್ಯಾಸ್ ಡಬ್ಬಿಯಲ್ಲಿರುವ ಬ್ಯುಟೇನಿನ ಸುಮಾರು ಶೇ. 60 ಮಾತ್ರ, ಮೇಲಾಗಿ ಹಗಲಿನಲ್ಲಿ ಅದರ ಉರಿ ಕಣ್ಣಿಗೇ ಕಾಣದು. ಆರಿದೆಯೆಂದು ಭಾವಿಸಿ ಮತ್ತೆ ಸ್ಪಿರಿಟ್ ಸುರಿಯುವುದು ಮೈಮೇಲೆ ಬೆಂಕಿ ಎಳೆದುಕೊಂಡಂತೆ. ಬೀದರ್ ಕಡೆಯ ಒಂದು ದಿಬ್ಬದ ಮೇಲೆ ಎರಡು ಲೋಟ ಚಹಾಕ್ಕಿಟ್ಟ ನೀರು ಇಪ್ಪತ್ತು ನಿಮಿಷವಾದರೂ ಕುದಿಯಲಿಲ್ಲ.

ಪೆಟ್ಟಿಗೆ ಒಲೆ ನಾಲ್ಕು ಜನರ ಅಡುಗೆಗೆ ಹೇಳಿ ಮಾಡಿಸಿದಂತಿದೆ: ಅಗಲವಾಗಿ ನೆಲಕ್ಕೆ ಕೂರುತ್ತದೆ, ತೊಗರಿಬೇಳೆ ಬೇಯುವಾಗ ಕುಕ್ಕರ್ ಅಲುಗುವುದಿಲ್ಲ, ಉರಿಯನ್ನು ಸಣ್ಣಗೆ ಇಳಿಸಬಹುದು. ಕಾರ್ಟ್ರಿಡ್ಜನ್ನು ಅದರ ಕಚ್ಚು ಮೇಲ್ಮುಖವಾಗಿರುವಂತೆಯೇ ಕೂರಿಸಬೇಕು. ತಿರುಗಿದರೆ ಅನಿಲದ ಬದಲು ದ್ರವವೇ ಬರ್ನರಿಗೆ ನುಗ್ಗಿ ಉರಿ ಭುಗಿಲೇಳುತ್ತದೆ. ಪೂರ್ಣ ಉರಿಯಲ್ಲಿ ಒಂದು ಕಾರ್ಟ್ರಿಡ್ಜ್ ನನಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಬಂದಿದೆ.

ಅದರ ದೋಷ ತಿಳಿದದ್ದು ಬಿಸಿ ರೊಟ್ಟಿಯ ಆಸೆಯಿಂದ. ಚಂದ್ರಂಪಳ್ಳಿ ಜಲಾಶಯ ನೋಡಿ ಮರಳುವಾಗ ಪರಿಚಯದವರೊಬ್ಬರ ಹೊಲದ ಬದುವಿನಲ್ಲಿ ಒಲೆ ಹೂಡಿ, ಮನೆಯ ದೊಡ್ಡ ಕಬ್ಬಿಣದ ಹಂಚನ್ನು ಇಟ್ಟಿದ್ದೆವು. ಹಂಚಿನ ಅಂಚು ಕಾರ್ಟ್ರಿಡ್ಜಿನ ಕೋಣೆಯ ಮೇಲೂ ಚಾಚಿತ್ತು. ನಾಲ್ಕನೆಯ ಜೋಳದ ರೊಟ್ಟಿಗೆ ನೀರು ಸವರುತ್ತಿದ್ದಂತೆ ಟಕ್ಕೆಂದು ಸದ್ದಾಗಿ ಉರಿ ಆರಿತು. ಒಲೆ ಕೆಟ್ಟಿತೆಂದು ನಾನು ಗೊಣಗುತ್ತ ಮುಚ್ಚಳ ತೆರೆದು ಬೆರಳು ತಾಗಿಸಿದರೆ ಕಾರ್ಟ್ರಿಡ್ಜ್ ಸುಡುತ್ತಿತ್ತು. ಹಂಚಿನ ಕಾವು ಕೆಳಗಿಳಿದು ಒಳಗಿನ ಒತ್ತಡ ಏರಿದ್ದರಿಂದ, ಒಲೆಯ ಸುರಕ್ಷತಾ ಸಾಧನ ತಾನೇ ಕಾರ್ಟ್ರಿಡ್ಜನ್ನು ಕಳಚಿತ್ತು. ಆ ಸಾಧನವಿಲ್ಲದ ಅಗ್ಗದ ಒಲೆಯನ್ನು ನೂರಿನ್ನೂರು ರೂಪಾಯಿ ಉಳಿಯುತ್ತದೆಂದು ಕೊಳ್ಳಬಾರದು.

ಚಿಕ್ಕ ಬರ್ನರ್ ಚೀಲದ ಮೂಲೆಯಲ್ಲಿ ಅಡಗುತ್ತದೆ. ಗಾಳಿ ಇಲ್ಲದಿದ್ದರೆ ಒಂದು ಲೀಟರ್ ನೀರನ್ನು ಐದು ನಿಮಿಷದೊಳಗೆ ಕುದಿಸುತ್ತದೆ. ಗಾಳಿ ಇದ್ದರೆ ಅದರ ಶಾಖದ ಬಹುಪಾಲು ಪಕ್ಕಕ್ಕೆ ಹಾರಿಹೋಗುತ್ತದೆ, ಎತ್ತರದಲ್ಲಿ ಕೂತ ಪಾತ್ರೆಯೂ ಓಲಾಡುತ್ತದೆ. ಗಾಳಿತಡೆಯ ತಗಡನ್ನು ಸುತ್ತಲೂ ಕಟ್ಟುವಂತಿಲ್ಲ, ಏಕೆಂದರೆ ಡಬ್ಬಿ ಉರಿಯ ಕೆಳಗೇ ಇದ್ದು ಕಾಯುತ್ತದೆ. ಗಾಳಿ ಬರುವ ಒಂದು ಬದಿಗೆ ಮಾತ್ರ, ತುಸು ದೂರದಲ್ಲಿ ಮರೆ ಇಡಬೇಕು. ನಾನು ಚೀಲವನ್ನೋ ಕಲ್ಲನ್ನೋ ಇಡುತ್ತೇನೆ.

ಚಳಿಗೆಂದು ಪ್ರೊಪೇನ್ ಬೆರೆಸಿದ ದುಬಾರಿ ಡಬ್ಬಿ ನಮ್ಮಲ್ಲಿ ಬೇಕಿಲ್ಲ. ಬ್ಯುಟೇನ್ ಅನಿಲವಾಗಲು ನಿರಾಕರಿಸುವುದು ಮೈನಸ್ 0.5 ಡಿಗ್ರಿಗಿಂತ ಕೆಳಗೆ, ಬೀದರಿನ ಪುಷ್ಯದ ಚಳಿಯೂ ಅಲ್ಲಿಗಿಳಿಯುವುದಿಲ್ಲ. ಅನಿಲ ಹೊರಬರುತ್ತ ಡಬ್ಬಿ ತಾನೇ ತಣ್ಣಗಾಗಿ, ಮುಂಜಾವಿನಲ್ಲಿ ಉರಿ ತುಸು ಸೊರಗುವುದುಂಟು. ರಾತ್ರಿ ಅದನ್ನು ಹೊರಗೆ ಇಬ್ಬನಿಯಲ್ಲಿ ಬಿಡದಿದ್ದರೆ ಅಷ್ಟೇ ಸಾಕು.

ಹೀಗಾಗಿ ಈಗ ಕಾರಿನಲ್ಲಿ ಪೆಟ್ಟಿಗೆ ಒಲೆ, ನಡಿಗೆಯಲ್ಲಿ ಚಿಕ್ಕ ಬರ್ನರ್ ನನ್ನ ಜೊತೆಗಿರುತ್ತವೆ. ಚಿಂಚೋಳಿ ವನ್ಯಜೀವಿ ಧಾಮದ ಒಣ ಎಲೆಗಳ ನಡುವೆ ಎರಡನ್ನೂ ಹೊತ್ತಿಸುವುದಿಲ್ಲ. ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲವಾದ್ದರಿಂದ ದೂರದ ಬೆಟ್ಟಗಳಿಗೆ ಬರ್ನರನ್ನಷ್ಟೇ ಒಯ್ದು, ಡಬ್ಬಿಯನ್ನು ಅಲ್ಲೇ ಕೊಳ್ಳುತ್ತೇನೆ. ರೊಟ್ಟಿ ಮಾತ್ರ ಖಡಕ್ ಮಾಡಿಸಿ ಮನೆಯಿಂದಲೇ ಕಟ್ಟಿಕೊಳ್ಳುತ್ತೇನೆ.